ದಡದಲ್ಲಿ ಜೂಜು, ಕಡಲಲ್ಲಿ ಮನರಂಜನೆ

ಮುಂಬಯಿ ಕನ್ನಡಿಗರಿಗೂ ಹಡಗಿಗೂ ಇರುವ ನಂಟು ಹಳೆಯದು. ಹೆದ್ದಾರಿಯೂ ಕೊಂಕಣ ರೈಲೂ ಇಲ್ಲದ ಕಾಲದಲ್ಲಿ ಕರಾವಳಿಯಿಂದ ಹೊರಟ ನಮ್ಮ ಹಿರಿಯರಲ್ಲಿ ಬಹಳ ಮಂದಿ ಈ ನಗರವನ್ನು ಮೊದಲು ಕಂಡದ್ದು ಸ್ಟೀಮರಿನ ಡೆಕ್ಕಿನ ಮೇಲಿಂದ. ಹಾಸಿಗೆಯ ಸುರುಳಿ, ಒಂದು ಟ್ರಂಕು, ಊರಿನವರೊಬ್ಬರ ವಿಳಾಸ ಬರೆದ ಚೀಟಿ, ಇಷ್ಟೇ ಅವರ ಬಂಡವಾಳ. ಹಗಲಿನಲ್ಲಿ ಹೋಟೆಲಿನ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಆ ಹುಡುಗರ ಕಥೆಯನ್ನು ನಮ್ಮ ಸಂಘ ಸಂಸ್ಥೆಗಳ ಪ್ರತಿಯೊಂದು ಸ್ಮರಣ ಸಂಚಿಕೆಯೂ ಅಭಿಮಾನದಿಂದ ಹೇಳುತ್ತದೆ.

ಅದೇ ಬಂದರಿನಿಂದ ಇಂದು ಬೇರೊಂದು ಬಗೆಯ ಹಡಗು ಹೊರಡುತ್ತಿದೆ. 2019ರಲ್ಲಿ ‘ಕರ್ನಿಕಾ’ ಎಂಬ ವಿಲಾಸಿ ಹಡಗು ಮುಂಬಯಿಯಿಂದ ಯಾನ ಆರಂಭಿಸಿತು. ಅದು ನಿಂತ ಮೇಲೆ 2021ರಲ್ಲಿ ‘ಎಂಪ್ರೆಸ್’ ಬಂದಿತು. ಈಜುಕೊಳ, ರಂಗಮಂದಿರ, ಭೋಜನಶಾಲೆಗಳ ಜೊತೆಗೆ ಎರಡರಲ್ಲಿಯೂ ಕ್ಯಾಸಿನೊ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ‘ಕ್ರೂಸ್ ಭಾರತ್ ಮಿಷನ್’ ಎಂಬ ಯೋಜನೆಯನ್ನು ಮುಂಬಯಿ ಬಂದರಿನಿಂದಲೇ ಘೋಷಿಸಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಇಂದಿರಾ ಡಾಕ್‌ನ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಯಿತು. ವರ್ಷಕ್ಕೆ 10 ಲಕ್ಷ ಪ್ರಯಾಣಿಕರನ್ನು ನಿಭಾಯಿಸುವ ಸಾಮರ್ಥ್ಯ ಅದಕ್ಕಿದೆ.

ಕಡಲ ಯಾನದ ಬಗ್ಗೆ ನನಗೆ ತಕರಾರಿಲ್ಲ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ವರ್ಷವಿಡೀ ಹೆಣಗುವ ಸಂಸಾರಸ್ಥರು ಎರಡು ದಿನ ಅಲೆಗಳನ್ನು ನೋಡುತ್ತ ಕುಳಿತರೆ ಯಾರ ಗಂಟು ಹೋಗುತ್ತದೆ? ನನ್ನ ತಕರಾರು ಹಡಗಿನ ಒಂದೇ ಒಂದು ಕೋಣೆಯ ಬಗ್ಗೆ. ಹಡಗು ಕಟ್ಟೆಯಲ್ಲಿರುವಷ್ಟು ಹೊತ್ತು ಆ ಕೋಣೆಗೆ ಬೀಗ. ದಡದಿಂದ ಸಾಕಷ್ಟು ದೂರ ಸರಿದ ಮೇಲೆ ಬಾಗಿಲು ತೆರೆಯುತ್ತದೆ. ಕ್ರೂಸ್ ಕ್ಯಾಸಿನೊಗಳಿಗೆ ಜಗತ್ತಿನೆಲ್ಲೆಡೆ ಇದೇ ವಾಡಿಕೆ. ಯಾವ ಕೆಲಸಕ್ಕೆ ಊರು ಕಣ್ಮರೆಯಾಗುವ ತನಕ ಕಾಯಬೇಕೋ ಆ ಕೆಲಸದ ಸ್ವರೂಪವನ್ನು ವಿವರಿಸಲು ಬೇರೆ ಸಾಕ್ಷಿ ಬೇಕಿಲ್ಲ. ದಡದಲ್ಲಿ ಅಪರಾಧವಾದದ್ದು ಕಡಲಿನಲ್ಲಿ ಮನರಂಜನೆಯಾಗುವುದು ಕಾನೂನಿನ ಅನಿವಾರ್ಯತೆಯೇನಲ್ಲ. ಹಣವಂತರಿಗೆಂದು ಬೇಕೆಂದೇ ತೆರೆದಿಟ್ಟ ಕಿಂಡಿ ಅದು. ಆ ಕಿಂಡಿಯನ್ನು ಮುಚ್ಚುವ ದಾರಿ ನಮ್ಮ ನ್ಯಾಯಾಲಯಕ್ಕೆ 1957ರಿಂದಲೇ ಗೊತ್ತಿದೆ. ಇದು ಈ ಲೇಖನದ ವಾದ.

ಮೊದಲು ಆ ಗೆರೆಯನ್ನು ನೋಡೋಣ. 1976ರಲ್ಲಿ ಈ ದೇಶದಲ್ಲಿ ಮೂರು ಕಾಯ್ದೆಗಳು ಹುಟ್ಟಿದವು. ಒಂದು, ಭಾರತದ ಪ್ರಾದೇಶಿಕ ಜಲವನ್ನು ಮೂಲರೇಖೆಯಿಂದ 12 ನಾಟಿಕಲ್ ಮೈಲಿಗಳಿಗೆ ನಿಗದಿ ಮಾಡಿದ ಸಂಸತ್ತಿನ ಕಾಯ್ದೆ. 12 ನಾಟಿಕಲ್ ಮೈಲಿಯೆಂದರೆ ಸುಮಾರು 22 ಕಿಲೋಮೀಟರು. ಚರ್ಚ್‌ಗೇಟಿನಿಂದ ಅಂಧೇರಿಗೆ ಇರುವಷ್ಟು ದೂರ. ಅದರಾಚೆಗೆ ಹಡಗಿನ ಮೇಲೆ ಮುಖ್ಯವಾಗಿ ನಡೆಯುವುದು ಅದು ಹಾರಿಸುವ ಧ್ವಜದ ದೇಶದ ಕಾನೂನು. ಜೂಜಿಗೆ ಅಡ್ಡಿಪಡಿಸದ ದೇಶದ ಧ್ವಜವನ್ನು ಹಾರಿಸುವುದು ಹಡಗಿನ ಒಡೆಯರಿಗೆ ಕಷ್ಟದ ಕೆಲಸವಲ್ಲ. ಎರಡನೆಯದು ಮಹಾರಾಷ್ಟ್ರದ ಕ್ಯಾಸಿನೊ ಕಾಯ್ದೆ. ಪರವಾನಗಿ ಕೊಟ್ಟು ತೆರಿಗೆ ವಸೂಲು ಮಾಡಬೇಕೆಂದು ಶಾಸನಸಭೆ ಅದನ್ನು ಅಂಗೀಕರಿಸಿತು. ಆದರೆ ಯಾವ ಸರ್ಕಾರವೂ ಜಾರಿಗೊಳಿಸಲಿಲ್ಲ. 47 ವರ್ಷ ಕಡತದಲ್ಲೇ ಮಲಗಿದ್ದ ಅದನ್ನು 2023ರಲ್ಲಿ ರದ್ದುಪಡಿಸಲಾಯಿತು. ಮೂರನೆಯದು ಗೋವಾ, ದಮನ್ ಮತ್ತು ದಿಯುಗಳ ಸಾರ್ವಜನಿಕ ಜೂಜು ಕಾಯ್ದೆ. ಜೂಜನ್ನು ತಡೆಯಲೆಂದು ಬಂದ ಅದಕ್ಕೇ ಮುಂದೆ ತಿದ್ದುಪಡಿಗಳ ಮೂಲಕ ಕ್ಯಾಸಿನೊಗಳ ಬಾಗಿಲು ಕೂಡಿಸಲಾಯಿತು.

ಹೀಗೆ ಮಹಾರಾಷ್ಟ್ರದ ನೆಲದ ಮೇಲೆ ಕ್ಯಾಸಿನೊ ಬೇಡವೆಂದು ಅಲ್ಲಿನ ಜನಪ್ರತಿನಿಧಿಗಳು ಸ್ಪಷ್ಟವಾಗಿ ತೀರ್ಮಾನಿಸಿದ್ದಾರೆ. ಇಲ್ಲಿ ಇಂದಿಗೂ ನಡೆಯುತ್ತಿರುವುದು 1887ರ ಬಾಂಬೆ ಜೂಜು ತಡೆ ಕಾಯ್ದೆಯ ಶಾಸನವೇ. ಆ ನೆಲದಿಂದ ಏಣಿ ಹತ್ತಿ, ಅಂಧೇರಿಯಷ್ಟು ದೂರ ತೇಲಿ, ಮತ್ತೆ ಅದೇ ನೆಲಕ್ಕೆ ಇಳಿದರೆ ನಡುವಿನ ರಾತ್ರಿಗೆ ಆ ತೀರ್ಮಾನ ತಾಗುವುದಿಲ್ಲ.

ಇನ್ನು ಆ ಕೋಣೆಯೊಳಗಿನ ವ್ಯವಹಾರ. ಬಾಗಿಲಿನ ಬಳಿಯ ಕಿಟಕಿಯಲ್ಲಿ ನೀವು ನೋಟು ಕೊಡುತ್ತೀರಿ. ಅವರು ಬಣ್ಣಬಣ್ಣದ ಬಿಲ್ಲೆಗಳನ್ನು ಕೊಡುತ್ತಾರೆ. ಇಂಗ್ಲಿಷಿನವರು ಇವುಗಳನ್ನು ಚಿಪ್ಸ್ ಎನ್ನುತ್ತಾರೆ. ಲೆಕ್ಕದ ಅನುಕೂಲಕ್ಕಾಗಿ ಈ ಏರ್ಪಾಡೆಂದು ಹೇಳಲಾಗುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಬಿಲ್ಲೆಯ ನಿಜವಾದ ಕೆಲಸ ಬೇರೆ. ಐನೂರರ ನೋಟಿಗೆ ನಮ್ಮ ಮನಸ್ಸಿನಲ್ಲಿ ಬೆಲೆಯಿದೆ. ಅದು ಹಾಲಿನವನ ಬಾಕಿ, ಮಗುವಿನ ಪುಸ್ತಕ, ತಿಂಗಳ ರೈಲ್ವೆ ಪಾಸು. ಕೈಯಿಂದ ಬಿಡುವಾಗ ಬೆರಳು ಒಂದು ಕ್ಷಣ ಹಿಂಜರಿಯುತ್ತದೆ. ಪ್ಲಾಸ್ಟಿಕ್ ಬಿಲ್ಲೆಗೆ ಅಂಥ ನೆನಪು ಯಾವುದೂ ಇಲ್ಲ. ಅದನ್ನು ಮುಂದೆ ತಳ್ಳುವುದು ಚೌಕಾಬಾರದ ಕಾಯಿ ನಡೆಸಿದಷ್ಟು ಹಗುರ. ಕಡಲು ಕಾನೂನಿಗೆ ಮಾಡಿದ್ದನ್ನೇ ಬಿಲ್ಲೆ ಹಣಕ್ಕೆ ಮಾಡುತ್ತದೆ: ಕೃತ್ಯ ಹಾಗೆಯೇ ಉಳಿದು ಹೆಸರು ಮಾತ್ರ ಬದಲಾಗುತ್ತದೆ. ಆ ಕೋಣೆಯಲ್ಲಿ ಗೋಡೆ ಗಡಿಯಾರವೂ ಕಿಟಕಿಯೂ ಇರದಂತೆ ನೋಡಿಕೊಳ್ಳುವ ಹಳೆಯ ಸಂಪ್ರದಾಯವೂ ಇದೇ ಉದ್ದೇಶದ್ದು. ಹಣದ ಜೊತೆಗೆ ಹೊತ್ತೂ ಮರೆಯಬೇಕು.

ಗಣಿತ ಮಾತ್ರ ಮರೆಯುವುದಿಲ್ಲ. ಯುರೋಪಿನ ಮಾದರಿಯ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ. ಒಂದು ಮನೆಯ ಮೇಲೆ ಕಟ್ಟಿ ಗೆದ್ದವನಿಗೆ 35 ಪಟ್ಟು ಹಣವೂ ಅವನ ಸ್ವಂತ ಪಣವೂ ಬರುತ್ತವೆ. 37 ಮನೆಗಳಿಗೂ ತಲಾ 100 ರೂಪಾಯಿ ಕಟ್ಟಿದವನು 3,700 ಹಾಕಿ 3,600 ಪಡೆಯುತ್ತಾನೆ. ಚೆಂಡು ಎಲ್ಲಿ ಬಿದ್ದರೂ 100 ರೂಪಾಯಿ ಮನೆಯೊಡೆಯನದು. ಅದೃಷ್ಟ ಆಟಗಾರರ ನಡುವೆ ಓಡಾಡಬಹುದು. ಮನೆಯೊಡೆಯನಿಗೆ ಅದೃಷ್ಟದ ಅಗತ್ಯವೇ ಇಲ್ಲ.

ಪೋಕರಿನಲ್ಲಿ ಮನೆಯೊಡೆಯ ಆಡುವುದೇ ಇಲ್ಲ, ಆದ್ದರಿಂದ ಅದು ಶುದ್ಧ ಆಟವೆಂಬ ವಾದವಿದೆ. ಅಲ್ಲಿ ಅವನು ಪ್ರತಿ ಸುತ್ತಿನ ರಾಶಿಯಿಂದ ಒಂದು ಪಾಲು ಎತ್ತಿಕೊಳ್ಳುತ್ತಾನೆ. ಆರು ಜನ ತಲಾ 10,000 ರೂಪಾಯಿಯ ಬಿಲ್ಲೆಗಳೊಂದಿಗೆ ಕುಳಿತರೆಂದುಕೊಳ್ಳಿ. ಪ್ರತಿ ಸುತ್ತಿನ ರಾಶಿ ಸರಾಸರಿ 2,000, ಪಾಲು ನೂರಕ್ಕೆ ಐದು, ಗಂಟೆಗೆ 25 ಸುತ್ತು ಎಂದಿಟ್ಟುಕೊಂಡರೆ ಗಂಟೆಗೆ 2,500 ರೂಪಾಯಿ ಮೇಜಿನಿಂದ ಮಾಯವಾಗುತ್ತದೆ. ಆರು ಗಂಟೆ ಕಳೆಯುವಷ್ಟರಲ್ಲಿ 60,000ದಲ್ಲಿ 15,000 ಯಾರೂ ಸೋಲದೆಯೇ ಕರಗಿರುತ್ತದೆ. ಉಳಿದ ಮುಕ್ಕಾಲು ಪಾಲಿಗಾಗಿ ಆರು ಜನರ ಕಚ್ಚಾಟ.

ಈ ಉಪಾಯ ಹೊಸದೇನಲ್ಲ. ಜೂಜು ಒಂದೇ ಕಡೆ ನಡೆಯಬೇಕು, ಬೇರೆಡೆ ಆಡಿದವನಿಗೆ ದಂಡ ಹಾಕಬೇಕು, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನೂ ದಾಳಗಳ ಬಾಡಿಗೆಯನ್ನೂ ದ್ಯೂತಾಧ್ಯಕ್ಷ ವಸೂಲು ಮಾಡಬೇಕು ಎಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಆದರೆ ಕೌಟಿಲ್ಯ ಅದನ್ನು ದ್ಯೂತವೆಂದೇ ಕರೆದ. ಅದಕ್ಕೆ ‘ಜವಾಬ್ದಾರಿಯುತ ಮನರಂಜನೆ’ ಎಂಬ ಹೆಸರಿಡುವಷ್ಟು ಅವನು ಮುಂದುವರಿದಿರಲಿಲ್ಲ.

ಈ ಬಿಲ್ಲೆಯ ಪಕ್ಕದಲ್ಲಿ ಇನ್ನೊಂದು ಕಾಗದದ ಚೂರನ್ನು ಇಟ್ಟು ನೋಡಬೇಕು. ಅದು ಮಟ್ಕಾ ಚೀಟಿ. ನ್ಯೂಯಾರ್ಕಿನಿಂದ ಬರುತ್ತಿದ್ದ ಹತ್ತಿಯ ದರದ ಅಂಕಿಗಳ ಮೇಲೆ ಮುಂಬಯಿಯಲ್ಲಿ ಶುರುವಾದ ಪಂದ್ಯ, ಆ ಅಂಕಿಗಳು ನಿಂತ ಮೇಲೆ ಮಡಕೆಯೊಳಗಿನ ಚೀಟಿಗಳಿಗೂ ಇಸ್ಪೀಟೆಲೆಗಳಿಗೂ ಇಳಿಯಿತು. 1962ರಲ್ಲಿ ಕಲ್ಯಾಣ್‌ಜಿ ಭಗತನ ಕಲ್ಯಾಣ್ ಮಟ್ಕಾ, 1964ರಲ್ಲಿ ರತನ್ ಖತ್ರಿಯ ನ್ಯೂ ವರ್ಲಿ ಮಟ್ಕಾ. ಪರೇಲ್, ಲಾಲ್‌ಬಾಗಿನ ಗಿರಣಿ ಕಾರ್ಮಿಕನ ದಿನಗೂಲಿ ಅದರಲ್ಲಿ ಹೋಯಿತು. ಹೋಟೆಲಿನ ಹಿಂಬಾಗಿಲಲ್ಲಿ ನಿಂತ ನಮ್ಮೂರ ಹುಡುಗನ ಟಿಪ್ಸೂ ಹೋಯಿತು. ಬಾಂಬೆಯ ‘ಓಪನ್’ ಮತ್ತು ‘ಕ್ಲೋಸ್’ ಅಂಕಿಗಳು ಟೆಲಿಫೋನಿನ ಮೂಲಕ ಕರ್ನಾಟಕದ ಊರೂರಿಗೆ ತಲುಪಿ, ಅಲ್ಲಿ ‘ಓಸಿ’ ಎಂಬ ಕನ್ನಡದ ಮಾತೇ ಆಗಿಬಿಟ್ಟಿತು. ಇಂದಿಗೂ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಓಸಿ ಬರೆಯುತ್ತಿದ್ದವನ ಬಂಧನದ ಸುದ್ದಿ ತಪ್ಪುವುದಿಲ್ಲ: ಕೆಲವು ನೂರು ರೂಪಾಯಿ ನಗದು, ಒಂದು ಬಾಲ್‌ಪೆನ್ನು, ಅಂಕಿ ಬರೆದ ಚೀಟಿ ವಶ. ಬಾಲ್‌ಪೆನ್ನನ್ನೂ ಬಿಡದೆ ಜಪ್ತಿ ಮಾಡುವ ಕಾನೂನು ಸಾವಿರಾರು ಬಿಲ್ಲೆಗಳನ್ನು ಹೊತ್ತು ಹೊರಡುವ ಹಡಗಿಗೆ ವಾದ್ಯಮೇಳದೊಂದಿಗೆ ವಿದಾಯ ಹೇಳುತ್ತದೆ. ಮಟ್ಕಾ ಆಡಿದವನನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಇಬ್ಬರ ಕೃತ್ಯವೂ ಒಂದೇ. ಹಡಗಿನ ಟಿಕೆಟ್ಟಿಗೆ ಹಣವುಳ್ಳವನು ವಿಹಾರಿ, ಇಲ್ಲದವನು ಆರೋಪಿ ಎಂಬುದು ನ್ಯಾಯವಲ್ಲ ಎನ್ನುತ್ತಿದ್ದೇನೆ.

ಇಲ್ಲಿ ವಿದ್ಯಾವಂತರ ಮೊದಲ ಆಕ್ಷೇಪ ಬರುತ್ತದೆ. ಪೋಕರ್ ಅದೃಷ್ಟದ ಆಟವಲ್ಲ, ಕೌಶಲದ ಆಟ; ಅದನ್ನು ಮಟ್ಕಾದ ಜೊತೆ ಕಟ್ಟಬೇಡಿ ಎನ್ನುತ್ತಾರೆ. ನಮ್ಮ ನ್ಯಾಯಾಲಯಗಳೂ ಬಹುಕಾಲದಿಂದ ಈ ಭೇದವನ್ನು ಮಾಡುತ್ತ ಬಂದಿವೆ. ರಮ್ಮಿಗೆ ಕೌಶಲ ಬೇಕೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಕುದುರೆ ಜೂಜಿನ ಬಗ್ಗೆ 1996ರಲ್ಲಿ ಅಂಥದೇ ತೀರ್ಪು ಬಂದಿತು. ಪೋಕರಿನ ಬಗ್ಗೆ ಹೈಕೋರ್ಟುಗಳಲ್ಲಿ ಒಮ್ಮತವಿಲ್ಲ. ಅದು ಜೂಜೇ ಎಂದು ಗುಜರಾತ್ ಹೈಕೋರ್ಟು 2017ರಲ್ಲಿ ತೀರ್ಪಿತ್ತಿತು. ಕಾನೂನಿನ ಸೂಕ್ಷ್ಮ ಏನೇ ಇರಲಿ, ನೀತಿಯ ದೃಷ್ಟಿಯಿಂದ ಈ ಆಕ್ಷೇಪಕ್ಕೆ ಉತ್ತರ ನಮ್ಮ ಯಕ್ಷಗಾನದ ಪ್ರೇಕ್ಷಕರಿಗೆ ಚೆನ್ನಾಗಿ ತಿಳಿದಿದೆ. ಹಸ್ತಿನಾವತಿಯ ಸಭೆಯಲ್ಲಿ ಅತ್ಯಂತ ಕುಶಲನಾದ ಆಟಗಾರ ಶಕುನಿ. ಧರ್ಮರಾಯ ಸೋತದ್ದು ಅದೃಷ್ಟಕ್ಕಲ್ಲ, ಕೌಶಲಕ್ಕೆ. ಆ ಕೌಶಲದಿಂದ ದ್ಯೂತ ಪವಿತ್ರವಾಯಿತೆಂದು ಯಾವ ಅರ್ಥಧಾರಿಯೂ ಇದುವರೆಗೆ ವಾದಿಸಿಲ್ಲ. ಎದುರಾಳಿ ಕುಶಲನಾದಷ್ಟೂ ಅಕುಶಲನ ಸೋಲು ಖಚಿತ. ಎರಡು ದಿನದ ವಿಹಾರಕ್ಕೆ ಬಂದ ಗುಮಾಸ್ತನೂ ವರ್ಷವಿಡೀ ಪೋಕರ್ ಆಡುವವನೂ ಒಂದೇ ಮೇಜಿಗೆ ಕುಳಿತರೆ ಕೌಶಲವೆಂಬ ಮಾತಿನ ಅರ್ಥ ಒಂದೇ: ಯಾರ ಜೇಬು ಬರಿದಾಗುವುದೆಂದು ಮೊದಲೇ ತಿಳಿದಿದೆ.

ಸಂಸತ್ತಿಗೂ ಇದು ಮನದಟ್ಟಾಗಿದೆ. 2025ರ ಆಗಸ್ಟಿನಲ್ಲಿ ಅಂಗೀಕಾರಗೊಂಡ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವಾಗ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟಿತು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು, ಆ ಮಾತು ಬೇರೆ. ಆದರೆ ಶಾಸನದ ಆಶಯವನ್ನು ಗಮನಿಸಿ. ಬೊರಿವಿಲಿ ಲೋಕಲಿನಲ್ಲಿ ನೇತಾಡುತ್ತ ಮೊಬೈಲಿನಲ್ಲಿ ನೂರು ರೂಪಾಯಿಯ ಪೋಕರ್ ಆಡುವುದು ಕುಟುಂಬಗಳನ್ನು ಹಾಳುಮಾಡುವ ವ್ಯಸನ. ಆದ್ದರಿಂದ ಅಂಥ ಆಟ ನಡೆಸುವವರಿಗೆ ಶಿಕ್ಷೆ. ಅದೇ ಮನುಷ್ಯ ಅದೇ ಎಲೆಗಳನ್ನು ಹಡಗಿನ ಮೇಜಿನ ಮೇಲೆ ನೂರು ಪಟ್ಟು ಹಣಕ್ಕೆ ಆಡಿದರೆ ಅದು ಪ್ರವಾಸೋದ್ಯಮದ ಬೆಳವಣಿಗೆ. ಒಂದೇ ಸರ್ಕಾರದ ಎರಡು ಕೈಗಳು ಇಷ್ಟು ಅಪರಿಚಿತವಾಗಿರಬಾರದು.

ಎರಡನೆಯ ಆಕ್ಷೇಪ ತೆರಿಗೆಯದು. ಬೊಕ್ಕಸಕ್ಕೆ ಹಣ ಬರುತ್ತದೆ, ಹತ್ತಾರು ಕುಟುಂಬಗಳಿಗೆ ಉದ್ಯೋಗ ಸಿಗುತ್ತದೆ ಎನ್ನುತ್ತಾರೆ. 2023ರ ಅಕ್ಟೋಬರಿನಿಂದ ಕ್ಯಾಸಿನೊಗಳಲ್ಲಿ ಕೊಳ್ಳುವ ಬಿಲ್ಲೆಗಳ ಪೂರ್ಣ ಮೌಲ್ಯದ ಮೇಲೆ ಶೇಕಡಾ 28 ಜಿಎಸ್‌ಟಿ ಬಿದ್ದಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 40ಕ್ಕೇರಿತು. ಐಷಾರಾಮದ ಮತ್ತು ಹಾನಿಕರ ವಸ್ತುಗಳಿಗೆಂದು ಮಾಡಿದ ದರ ಅದು. ತೆರಿಗೆಯ ಕಡತದಲ್ಲಿ ಹಾನಿಕರವೆಂದು ಬರೆದದ್ದನ್ನು ಪ್ರವಾಸದ ಕರಪತ್ರದಲ್ಲಿ ಆಕರ್ಷಣೆಯೆಂದು ಬರೆಯುವುದಕ್ಕೆ ಏನೆನ್ನೋಣ?

ತೆರಿಗೆಯ ಹಾದಿ ಎಲ್ಲಿಗೆ ತಲುಪುತ್ತದೆಂದು ತಿಳಿಯಲು ನೆರೆಯ ಗೋವಾ ಸಾಕು. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ ಅವಕಾಶ ಕೊಟ್ಟಿತು. 1996ರ ತಿದ್ದುಪಡಿ ಕಡಲ ಹಡಗುಗಳಲ್ಲಿ ಮೇಜಿನ ಆಟಗಳಿಗೆ ಅನುಮತಿಸಿತು. 2001ರಲ್ಲಿ ‘ಕ್ಯಾರಾವೆಲಾ’ ಬಂದಿತು. ಕಾಗದದಲ್ಲಿ ‘ಕಡಲ ಹಡಗು’; ಕಣ್ಣಿಗೆ ಕಾಣುವುದು ಪಣಜಿಯ ಎದುರು ಮಾಂಡವಿ ನದಿಯಲ್ಲಿ ಲಂಗರು ಹಾಕಿ ನಿಂತ, ದೀಪಾಲಂಕಾರದ ತೇಲುವ ಕಟ್ಟಡಗಳು. ಅವು ಎಲ್ಲಿಗೂ ಹೋಗುವುದಿಲ್ಲ. ಜನ ದೋಣಿಯಲ್ಲಿ ಅವುಗಳ ಬಳಿಗೆ ಹೋಗುತ್ತಾರೆ. ಕೊನೆಗೆ ಗೋವಾ ಸರ್ಕಾರವೇ 2020ರ ಫೆಬ್ರವರಿ 1ರಿಂದ ತನ್ನ ನಾಡಿನವರಿಗೆ ಕ್ಯಾಸಿನೊ ಪ್ರವೇಶವನ್ನು ನಿಷೇಧಿಸಿತು. ತನ್ನ ಮಕ್ಕಳಿಗೆ ಉಣಿಸಲು ಹೆದರುವ ಅಡುಗೆಯನ್ನು ನೆರೆಮನೆಯವರಿಗೆ ಬಡಿಸುವ ಗೃಹಿಣಿಯನ್ನು ನಾವು ಏನೆಂದು ಕರೆಯುತ್ತೇವೆ? ಆ ನೆರೆಮನೆಯವರಲ್ಲಿ ಬೆಳಗಾವಿ, ಹುಬ್ಬಳ್ಳಿಯಿಂದ ವಾರಾಂತ್ಯಕ್ಕೆ ಘಟ್ಟ ಇಳಿಯುವವರಿದ್ದಾರೆ, ಮುಂಬಯಿಯಿಂದ ಹೋಗುವ ನಾವೂ ಇದ್ದೇವೆ.

ಡೊಂಬಿವಿಲಿಯಲ್ಲಿ ನನ್ನ ಪರಿಚಿತರೊಬ್ಬರಿದ್ದಾರೆ. ಪಾಲುದಾರಿಕೆಯಲ್ಲಿ ಸಣ್ಣದೊಂದು ಊಟದ ಹೋಟೆಲು. ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿದ ಚೀಟಿಯ ಹಣ ಕೈಯಲ್ಲಿದ್ದಾಗ ಗೆಳೆಯರೊಂದಿಗೆ ಗೋವಾಕ್ಕೆ ಹೋದರು. ಮೊದಲ ರಾತ್ರಿ ಗೆದ್ದರು, ಅದೇ ಅನರ್ಥಕ್ಕೆ ಮೂಲವಾಯಿತು. ಎರಡನೆಯ ರಾತ್ರಿ ಗೆದ್ದದ್ದೂ ಹೋಯಿತು, ತಂದದ್ದೂ ಹೋಯಿತು. ಅವರನ್ನು ಯಾರೂ ಬಲಾತ್ಕರಿಸಲಿಲ್ಲ, ಮೋಸವನ್ನೂ ಮಾಡಲಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು. ಊರಿಗೆ ಮರಳಿದ ಮೇಲೆ ಒಗೆಯಲು ತೆಗೆದ ಪ್ಯಾಂಟಿನ ಜೇಬಿನಲ್ಲಿ ಒಂದು ಬಿಲ್ಲೆ ಉಳಿದಿತ್ತು. ಇದೇನೆಂದು ಮನೆಯವರು ಕೇಳಿದರು. ‘ಐನೂರು ರೂಪಾಯಿ’ ಎಂದರಂತೆ. ‘ಹಾಗಾದರೆ ಇದನ್ನು ಕೊಟ್ಟು ಅಕ್ಕಿ ತನ್ನಿ’ ಎಂದರು ಆಕೆ. ಕ್ಯಾಸಿನೊಗಳ ಅರ್ಥಶಾಸ್ತ್ರದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲಿಯೂ ಓದಿಲ್ಲ. ಮಗಳು ಆ ವರ್ಷ ಕಾಲೇಜು ಸೇರಲಿಲ್ಲ. ಬೊಕ್ಕಸಕ್ಕೆ ಬಂದ ತೆರಿಗೆಯ ಲೆಕ್ಕ ಬರೆಯುವವರು ಈ ಒಂದು ವರ್ಷವನ್ನು ಯಾವ ಕಾಲಮ್ಮಿನಲ್ಲಿ ತೋರಿಸುತ್ತಾರೆ?

ಮೂರನೆಯದು ಸ್ವಾತಂತ್ರ್ಯದ ಆಕ್ಷೇಪ. ವಯಸ್ಕರು ತಮ್ಮ ಹಣವನ್ನು ತಮಗೆ ಬೇಕಾದಂತೆ ಕಳೆಯುತ್ತಾರೆ, ನಡುವೆ ಬಾಯಿ ಹಾಕಲು ನೀವು ಯಾರು? ಈ ಪ್ರಶ್ನೆಯನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ಆದರೆ ಪಣಕ್ಕೆ ಕುಳಿತ ಮನುಷ್ಯ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಗೆ ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಜೂಜುಗಾರನ ಸೂಕ್ತವೊಂದು ಇದೆ. ದೋಸ್ತೋಯೆವ್‌ಸ್ಕಿ 1866ರಲ್ಲಿ ‘ಜೂಜುಗಾರ’ನನ್ನು ಬರೆದದ್ದು ಪ್ರಕಾಶಕನ ಗಡುವಿಗೆ ಹೆದರಿ, ಕೆಲವೇ ವಾರಗಳಲ್ಲಿ, ಆ ಮನುಷ್ಯನಿಗೆ ರೂಲೆಟ್ಟಿನ ಹುಚ್ಚು ಸ್ವಂತ ಅನುಭವ, ಕಾದಂಬರಿ ಮುಗಿದ ಮೇಲೂ ವರ್ಷಗಟ್ಟಲೆ ಅದು ಬಿಡಲಿಲ್ಲ. ತಾನು ಬರೆದುದನ್ನು ಅಷ್ಟು ಸ್ಪಷ್ಟವಾಗಿ ಅರಿತವನೂ ಆ ಮೇಜಿನಿಂದ ಏಳಲಾರದೆ ಹೋದ. ಸರ್ಕಾರಕ್ಕೂ ಇದು ಗೊತ್ತು. ನನ್ನಂಥ ಕೇಂದ್ರ ಸರ್ಕಾರಿ ನೌಕರ ಷೇರು ಮೊದಲಾದವುಗಳಲ್ಲಿ ಸಟ್ಟಾ ಆಡಕೂಡದೆಂದು 1964ರ ನಡತೆ ನಿಯಮಗಳು ವಿಧಿಸುತ್ತವೆ. ಪಣದ ಆಸೆ ಹತ್ತಿದವನ ವಿವೇಕವನ್ನು ನಂಬಲಾಗದು ಎಂಬುದೇ ಅದರ ಹಿಂದಿನ ತಿಳಿವಳಿಕೆ.

ಹಾಗೆಂದು ದೀಪಾವಳಿಯ ರಾತ್ರಿ ಅಣ್ಣತಮ್ಮಂದಿರು ಚಾಪೆ ಹಾಸಿ ಇಸ್ಪೀಟು ಆಡುವುದನ್ನೂ ನಿಲ್ಲಿಸಬೇಕೇ ಎಂದು ಕೇಳುವವರಿದ್ದಾರೆ. ಎರಡರ ವ್ಯತ್ಯಾಸ ಸರಳ. ಅಲ್ಲಿ ರಾಶಿಯಿಂದ ಪಾಲು ಎತ್ತುವ ಮೂರನೆಯವನಿಲ್ಲ. ಹಣ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗಿ, ಮರುದಿನ ಎಲ್ಲರ ಉಪಾಹಾರಕ್ಕೆ ಖರ್ಚಾಗುತ್ತದೆ. ಮಗು ಅತ್ತರೆ ಆಟ ನಿಲ್ಲುತ್ತದೆ. ಸಾಕು ಎನ್ನಲು ಅತ್ತಿಗೆಯವರಿದ್ದಾರೆ. ಹಡಗಿನ ಕೋಣೆಯಲ್ಲಿ ಸಾಕು ಎಂದು ಹೇಳುವವರು ಯಾರೂ ಇಲ್ಲ, ಇರಬಾರದು ಎಂಬುದೇ ಅದರ ವ್ಯಾಪಾರ.

ಈಗ ಕಿಂಡಿಯನ್ನು ಮುಚ್ಚುವ ಮಾತು. ಇಲ್ಲಿ ನಮ್ಮ ಎರಡು ನಾಡುಗಳನ್ನು ಕೂಡಿಸುವ ಪ್ರಕರಣವೊಂದಿದೆ. ಐವತ್ತರ ದಶಕದಲ್ಲಿ ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಹೊರಡುತ್ತಿತ್ತು. ಅದನ್ನು ನಡೆಸುತ್ತಿದ್ದುದು ಚಮಾರ್‌ಬಾಗವಾಲಾ ಅವರ, ಮೈಸೂರು ಸಂಸ್ಥಾನದಲ್ಲಿ ನೋಂದಣಿಯಾದ ಕಂಪನಿ. ಪತ್ರಿಕೆಯ ಮುಖ್ಯ ಆಕರ್ಷಣೆ ಪದಬಂಧ ಸ್ಪರ್ಧೆ: ಪ್ರವೇಶ ಶುಲ್ಕ ಕಟ್ಟಿ ಉತ್ತರ ಕಳಿಸಬೇಕು, ಬಹುಮಾನ ದೊಡ್ಡದು. ಮುಂಬಯಿ ಪ್ರಾಂತದಲ್ಲಿ ಅದಕ್ಕೆ ಅಪಾರ ಪ್ರಸಾರ. ಮುಂಬಯಿ ಸರ್ಕಾರ 1948ರ ತನ್ನ ಸ್ಪರ್ಧೆಗಳ ನಿಯಂತ್ರಣ ಕಾಯ್ದೆಯನ್ನು 1952ರಲ್ಲಿ ತಿದ್ದಿ, ಹೊರಗೆ ಅಚ್ಚಾಗುವ ಪತ್ರಿಕೆಗಳನ್ನೂ ಅದರೊಳಗೆ ತಂದಿತು. ನಮ್ಮ ಪತ್ರಿಕೆ ಬೆಂಗಳೂರಿನದು, ನಿಮ್ಮ ಗಡಿಯಾಚೆಯದು, ನಿಮ್ಮ ಕಾಯ್ದೆ ನಮ್ಮನ್ನು ಮುಟ್ಟದು ಎಂದು ಕಂಪನಿ ವಾದಿಸಿತು. ಮುಂಬಯಿ ಹೈಕೋರ್ಟಿನಲ್ಲಿ ಗೆದ್ದಿತು ಕೂಡ.

1957ರ ಏಪ್ರಿಲಿನಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರ ನೇತೃತ್ವದ ಸುಪ್ರೀಂ ಕೋರ್ಟಿನ ಪೀಠ ಆ ತೀರ್ಪನ್ನು ತಿರುಗಿಸಿತು. ಅದು ಎರಡು ಮುಖ್ಯ ಮಾತುಗಳನ್ನು ಹೇಳಿತು. ಒಂದು, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ. ಅದು ವಾಣಿಜ್ಯದ ಪರಿಧಿಯ ಹೊರಗಿನದು. ಇನ್ನೊಂದು, ಕಂಪನಿ ಹೊರಗಿದ್ದರೇನಾಯಿತು? ಪತ್ರಿಕೆ ಹಂಚುವುದು ಮುಂಬಯಿಯಲ್ಲಿ, ಜನರನ್ನು ಆಹ್ವಾನಿಸುವುದು ಮುಂಬಯಿಯಲ್ಲಿ, ಶುಲ್ಕ ಸಂಗ್ರಹಿಸುವ ಕೇಂದ್ರಗಳೂ ಮುಂಬಯಿಯಲ್ಲಿ. ಕಾಯ್ದೆ ಅನ್ವಯಿಸಲು ಇಷ್ಟು ನಂಟು ಸಾಕು.

ಈ ಅಳತೆಗೋಲನ್ನು ಹಡಗಿಗೆ ಹಿಡಿಯಿರಿ. ಜಾಹೀರಾತು ಮುಂಬಯಿಯಲ್ಲಿ. ಟಿಕೆಟ್ಟಿನ ಮಾರಾಟ ಮುಂಬಯಿಯಲ್ಲಿ. ಹತ್ತುವುದು ಮುಂಬಯಿಯಲ್ಲಿ, ಬಹಳ ಸಲ ಯಾವ ಪರದೇಶದ ನೆಲವನ್ನೂ ಮುಟ್ಟದೆ ಇಳಿಯುವುದೂ ಮುಂಬಯಿಯಲ್ಲಿ. ಕಳೆದುಕೊಂಡ ಹಣ ಮುಂಬಯಿಯ ಸಂಸಾರದ್ದು. ನಡುವೆ ಹೊರಗಿನದೆಂದರೆ ನೀರು ಒಂದೇ. ಬೆಂಗಳೂರು ಮುಂಬಯಿಗೆ ಎಷ್ಟು ಹೊರಗಾಗಿತ್ತೋ ಅದಕ್ಕಿಂತ ಈ ನೀರು ಹೆಚ್ಚು ಹೊರಗಿನದಲ್ಲ. ಕಡಲಿನ ವಿಷಯದಲ್ಲಿ ರಾಜ್ಯದ ಕೈ ಗಿಡ್ಡವೆಂದಾದರೆ ಸಂಸತ್ತಿನ ಕೈ ಉದ್ದವಿದೆ. ಭಾರತದ ಬಂದರಿನಿಂದ ಹೊರಟು ಭಾರತದ ಬಂದರಿಗೇ ಮರಳುವ ಯಾನದಲ್ಲಿ ಪಣದಾಟ ನಡೆಸಕೂಡದು ಎಂಬ ಷರತ್ತನ್ನು ಬಂದರಿನ ಪ್ರವೇಶಕ್ಕೇ ಅಂಟಿಸಬಹುದು.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. 1938ರಲ್ಲಿ ಅಮೆರಿಕದ ಸಾಂಟಾ ಮೊನಿಕಾ ತೀರದಿಂದ ಮೂರು ಮೈಲಿಯಾಚೆ ‘ರೆಕ್ಸ್’ ಎಂಬ ಜೂಜಿನ ಹಡಗು ಲಂಗರು ಹಾಕಿತು. ಒಡೆಯ ಟೋನಿ ಕಾರ್ನೆರೊ. ಅಂದಿನ ಎಲ್ಲೆ ಮೂರು ಮೈಲಿ. ಅದರಾಚೆ ಕ್ಯಾಲಿಫೋರ್ನಿಯದ ಕಾನೂನಿಲ್ಲ ಎಂಬುದು ಅವನ ಧೈರ್ಯ. ಬಾಡಿಗೆ ದೋಣಿಗಳಲ್ಲಿ ಜನ ಹರಿದು ಬಂದರು. ಮರುವರ್ಷ ರಾಜ್ಯದ ಅಟಾರ್ನಿ ಜನರಲ್ ಅರ್ಲ್ ವಾರನ್ ದಾಳಿಗೆ ಇಳಿದಾಗ ಕಾರ್ನೆರೊ ಬೆಂಕಿ ಆರಿಸುವ ಕೊಳವೆಯಿಂದ ನೀರು ಚಿಮ್ಮಿಸಿ ದಿನಗಟ್ಟಲೆ ಅಧಿಕಾರಿಗಳನ್ನು ಹತ್ತಿರ ಬಿಡಲಿಲ್ಲ. ಮೂರು ಮೈಲಿಯನ್ನು ಕೊಲ್ಲಿಯ ಎರಡು ಭೂಶಿರಗಳನ್ನು ಸೇರಿಸುವ ಗೆರೆಯಿಂದ ಅಳೆಯಬೇಕೆಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹಾಗೆ ಅಳೆದಾಗ ಹಡಗು ಕಾನೂನಿನ ಒಳಗೇ ಇತ್ತು. ಆ ವಾರನ್ ಮುಂದೆ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದರು.

ಅಷ್ಟು ದೂರ ಹೋಗುವುದೂ ಬೇಡ. ಹತ್ತೊಂಬತ್ತನೆಯ ಶತಮಾನದ ಮುಂಬಯಿಯಲ್ಲಿ ಮಳೆ ಎಷ್ಟು ಬೀಳುತ್ತದೆಂಬುದರ ಮೇಲೂ ಭಾರಿ ಜೂಜು ನಡೆಯುತ್ತಿತ್ತು. 1887ರ ಕಾಯ್ದೆಯ ಮಾತುಗಳಿಗೆ ಅದು ಸಿಕ್ಕಲಿಲ್ಲ. ಸರ್ಕಾರ 1890ರಲ್ಲಿ ಕಾಯ್ದೆಯನ್ನು ತಿದ್ದಿ ಮಳೆಯ ಜೂಜನ್ನೂ ಸೇರಿಸಿತು. ಮೂರೇ ವರ್ಷ. ಪರಕೀಯ ಸರ್ಕಾರಕ್ಕೆ ಮೋಡಗಳ ಮೇಲಿನ ಪಣವನ್ನು ತಡೆಯಲು ಮೂರು ವರ್ಷ ಸಾಕಾಗಿದ್ದರೆ, ನಮ್ಮದೇ ಸಂಸತ್ತಿಗೆ ಇಂದಿರಾ ಡಾಕ್‌ನಿಂದ ಹೊರಡುವ ಹಡಗಿನ ಒಂದು ಕೋಣೆ ಕಾಣದಿರುವುದು ದೃಷ್ಟಿದೋಷವಲ್ಲ, ಉಪೇಕ್ಷೆ.

ಕಾನೂನು ಬರುವ ತನಕ ನಮ್ಮ ಕೈಯಲ್ಲಿರುವುದೂ ಇದೆ. ಮುಂಬಯಿ, ಠಾಣೆ, ನವಿಮುಂಬಯಿಯ ನಮ್ಮ ಸಂಘಗಳು ವಾರ್ಷಿಕ ಪ್ರವಾಸಕ್ಕೆ ಈಗೀಗ ಕಡಲ ಯಾನವನ್ನು ಯೋಚಿಸುತ್ತಿವೆ, ಸಂತೋಷ. ಮಹಾಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು, ನಮ್ಮ ಸದಸ್ಯರ ಟಿಕೆಟ್ಟಿನೊಂದಿಗೆ ಬಿಲ್ಲೆಗಳ ಕೊಡುಗೆ ಬರಬಾರದು, ಸಂಘದ ಹೆಸರಿನಲ್ಲಿ ಆ ಕೋಣೆಗೆ ಯಾರನ್ನೂ ಕರೆದೊಯ್ಯಬಾರದು ಎಂದು ಠರಾವು ಮಂಡಿಸಲಿ. ರಾತ್ರಿ ಶಾಲೆಯ ಹುಡುಗನ ಕಥೆಯನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸಿ, ಅವನು ಕೂಡಿಟ್ಟದ್ದನ್ನು ಮೊಮ್ಮಗ ಒಂದು ರಾತ್ರಿಯಲ್ಲಿ ಕಳೆಯುವ ಏರ್ಪಾಡಿಗೆ ಅದೇ ಸಂಚಿಕೆಯಲ್ಲಿ ಜಾಹೀರಾತು ಹಾಕಿಸುವುದು ನಮಗೆ ಶೋಭಿಸುವುದಿಲ್ಲ. ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ. ಜೂಜು ಕೆಟ್ಟದ್ದಾದರೆ ಹಡಗಿನಲ್ಲಿಯೂ ಕೆಟ್ಟದ್ದು, ಆ ಕೋಣೆಯನ್ನು ಮುಚ್ಚಿಸಿ. ಕೆಟ್ಟದ್ದಲ್ಲವೆಂದಾದರೆ ಲಾಲ್‌ಬಾಗಿನ ಗಲ್ಲಿಯಲ್ಲಿ ಹಿಡಿದವನಿಗೆ ಅವನ ಬಾಲ್‌ಪೆನ್ನನ್ನು ಹಿಂದಿರುಗಿಸಿ. ಎರಡರಲ್ಲಿ ಒಂದನ್ನು ದಡದ ಮೇಲೆ ನಿಂತೇ ಹೇಳಬೇಕು.